ಬ್ಲಾಕ್‌ಗೆ ತಾಗಿದ್ದು ಒಂದು ಟಚ್ಚಾ?

ಓದುಗರ ಪ್ರಶ್ನೆ: ಸರ್, ನಾವು ಮಲೆನಾಡಿನ ಒಂದು ಸಣ್ಣ ಊರಿನವರು. ಕಳೆದ ತಿಂಗಳು ಪಕ್ಕದ ಊರಲ್ಲಿ ಹೊನಲು ಬೆಳಕಿನ ವಾಲಿಬಾಲ್ ಟೂರ್ನಮೆಂಟ್ ಇತ್ತು. ಸೆಮಿಫೈನಲ್‌ನಲ್ಲಿ ಸ್ಕೋರ್ 23-23. ಎದುರಾಳಿ ಜೋರಾಗಿ ಸ್ಮ್ಯಾಶ್ ಹೊಡೆದ. ಚೆಂಡು, ಅದನ್ನು ತಡೆಯಲು ನೆಟ್ ಬಳಿ ಹಾರಿದ ನಮ್ಮ ಮಧ್ಯದ ಬ್ಲಾಕರ್‌ನ ಬೆರಳಿಗೆ ತಾಗಿತು, ಹಾಗೇ ಅವನ ತಲೆಗೂ ಬಡಿದು ನಮ್ಮ ಕಡೆಯೇ ಮೇಲೆ ಹೋಯಿತು. ಅವನು ಕೆಳಗಿಳಿದು ತಾನೇ ಚೆಂಡನ್ನು ಎತ್ತಿದ. ಲಿಫ್ಟರ್ ಲಿಫ್ಟ್ ಕೊಟ್ಟ, ಅಂದರೆ ಹೊಡೆಯಲು ಚೆಂಡು ಎತ್ತಿಕೊಟ್ಟ. ಇನ್ನೊಬ್ಬ ಹೊಡೆದ, ಚೆಂಡು ಅವರ ಕೋರ್ಟ್ ಒಳಗೇ ಬಿತ್ತು. ಆದರೆ ರೆಫ್ರಿ ಸೀಟಿ ಊದಿ ನಾಲ್ಕು ಬೆರಳು ತೋರಿಸಿದರು. ಕೇಳಿದ್ದಕ್ಕೆ ‘ನಾಲ್ಕು ಟಚ್ ಆಗಿದೆ, ಮೇಲಾಗಿ ಒಬ್ಬನೇ ಎರಡು ಸಲ ಮುಟ್ಟಿದ್ದಾನೆ’ ಅಂದರು. ಎದುರಾಳಿಗಳು ‘ಕೈ ನೆಟ್ ದಾಟಿತ್ತು, ಇಳಿಯುವಾಗ ನೆಟ್‌ಗೂ ತಾಗಿದ’ ಅಂತ ಸೇರಿಸಿದರು. ಗಲಾಟೆಯಾಗಿ ಪಂದ್ಯ ತುಂಬಾ ಹೊತ್ತು ನಿಂತಿತು. ನಮ್ಮೂರಿನ ಹಿರಿಯ ಆಟಗಾರರೊಬ್ಬರು ಕೂಡ ರೆಫ್ರಿ ಹೇಳಿದ್ದೇ ಸರಿ ಅನ್ನುತ್ತಾರೆ. ಸದ್ಯದಲ್ಲೇ ನಾವೇ ಒಂದು ಟೂರ್ನಮೆಂಟ್ ನಡೆಸುತ್ತಿದ್ದೇವೆ. ನಿಜವಾದ ನಿಯಮ ಏನು? ನಾವು ಯಾವ ನಿಯಮ ಇಡಬೇಕು?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಆ ಪಾಯಿಂಟ್ ಯಾರಿಗೆ ಸೇರಬೇಕಿತ್ತು ಎನ್ನುವುದು ಒಂದು. ನಿಮ್ಮ ಅಂಗಳದಲ್ಲಿ ಇದೇ ಜಗಳ ಮತ್ತೆ ಆಗದಂತೆ ನೋಡಿಕೊಳ್ಳುವುದು ಹೇಗೆ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನೇರವಾಗಿ ಹೇಳಿಬಿಡುತ್ತೇನೆ. ಎಲ್ಲವೂ ನೀವು ಬರೆದ ಹಾಗೇ ನಡೆದಿದ್ದರೆ, ಅದು ನಾಲ್ಕು ಟಚ್ ಅಲ್ಲ. ಒಬ್ಬನೇ ಸತತ ಎರಡು ಸಲ ಮುಟ್ಟುವ ಡಬಲ್ ಟಚ್ಚೂ ಅಲ್ಲ. ನೆಟ್ ದಾಟಿದ್ದೂ ತಪ್ಪಲ್ಲ. ಆದರೆ ಇಳಿಯುವಾಗ ನೆಟ್‌ಗೆ ತಾಗಿದ್ದು ನಿಜವಾಗಿದ್ದರೆ ಮಾತ್ರ ಪಾಯಿಂಟ್ ಅವರದೇ. ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ. ಇಲ್ಲಿ ಹೇಳುವುದೆಲ್ಲ ಅಂತರರಾಷ್ಟ್ರೀಯ ವಾಲಿಬಾಲ್ ಫೆಡರೇಷನ್, ಅಂದರೆ ಎಫ್‌ಐವಿಬಿಯ ನಿಯಮ. ಬ್ಲಾಕ್ ಬಗ್ಗೆ ಇರುವುದು ಅದರ 14ನೇ ನಿಯಮದಲ್ಲಿ.

ಚೆಂಡನ್ನು ಎದುರಾಳಿಯ ಕಡೆ ದಾಟಿಸಲು ಒಂದು ತಂಡಕ್ಕೆ ಸಿಗುವುದು ಮೂರೇ ಟಚ್. ಬ್ಲಾಕ್‌ನಲ್ಲಿ ಚೆಂಡು ಕೈಗೆ ತಾಗಿದರೆ ಅದು ಈ ಮೂರು ಟಚ್‌ಗಳ ಲೆಕ್ಕಕ್ಕೆ ಬರುವುದಿಲ್ಲ. ಬ್ಲಾಕ್ ಆದ ಮೇಲೆ ಪೂರ್ತಿ ಮೂರು ಟಚ್ ಬಾಕಿ ಇರುತ್ತವೆ. ಆ ಮೂರರಲ್ಲಿ ಮೊದಲನೆಯದನ್ನು ಯಾರು ಬೇಕಾದರೂ ಆಡಬಹುದು, ಬ್ಲಾಕ್ ಮಾಡಿದವನೇ ಆಡಿದರೂ ಆಯಿತು. ನಿಮ್ಮ ಹುಡುಗ ಬ್ಲಾಕ್ ಮಾಡಿದ, ಇಳಿದು ಎತ್ತಿದ. ಎತ್ತಿದ್ದು ಮೊದಲನೇ ಟಚ್. ಲಿಫ್ಟ್ ಎರಡನೆಯದು, ಸ್ಮ್ಯಾಶ್ ಮೂರನೆಯದು. ಲೆಕ್ಕ ಸರಿಯಾಗಿದೆ.

ಹಾಗಾದರೆ ನಿಮ್ಮೂರಿನ ಹಿರಿಯರು ಸುಳ್ಳು ಹೇಳುತ್ತಿದ್ದಾರಾ? ಖಂಡಿತ ಇಲ್ಲ. ಒಂದು ಕಾಲದಲ್ಲಿ ಬ್ಲಾಕ್‌ಗೆ ತಾಗಿದ್ದೂ ಮೂರರಲ್ಲಿ ಒಂದಾಗಿತ್ತು. ಉಳಿಯುತ್ತಿದ್ದದ್ದು ಎರಡೇ ಟಚ್. 1976ರಲ್ಲಿ ಅದನ್ನು ಬದಲಿಸಿ, ಬ್ಲಾಕ್ ನಂತರ ಮೂರು ಟಚ್ ಕೊಟ್ಟರು. ಆದರೆ ಹಳ್ಳಿಯ ಅಂಗಳಗಳಲ್ಲಿ ಆಟ ಕಲಿಸುವುದು ಪುಸ್ತಕವಲ್ಲ, ಹಿರಿಯ ಆಟಗಾರರು. ಅವರು ಕಲಿತದ್ದನ್ನು ಅವರ ಹಿಂದಿನವರು ಹೇಳಿಕೊಟ್ಟಿರುತ್ತಾರೆ. ಹಳೆಯ ನಿಯಮ ಹಾಗೇ ಉಳಿದುಕೊಂಡು ಬಂದಿರುತ್ತದೆ.

ಗೊಂದಲಕ್ಕೆ ಇನ್ನೊಂದು ದಾರಿ ಟಿವಿ ಮತ್ತು ಮೊಬೈಲ್. ಒಲಿಂಪಿಕ್ಸ್ ಬಂದಾಗ ಎಲ್ಲರೂ ಬೀಚ್ ವಾಲಿಬಾಲ್ ನೋಡುತ್ತಾರೆ. ಅಲ್ಲಿ ಬ್ಲಾಕ್‌ಗೆ ತಾಗಿದ್ದು ಒಂದು ಟಚ್. ಉಳಿದ ಎರಡರಲ್ಲೇ ಚೆಂಡು ದಾಟಿಸಬೇಕು. ಕಾಮೆಂಟರಿಯಲ್ಲಿ ಅದನ್ನು ಕೇಳಿಸಿಕೊಂಡವರು ಆರು ಜನರ ಆಟಕ್ಕೂ ಹಾಗೇ ಅಂದುಕೊಳ್ಳುತ್ತಾರೆ. ಇನ್ನು ಅಮೆರಿಕದ ಕಾಲೇಜು ಮಹಿಳೆಯರ ಆಟದಲ್ಲಿ, ಎರಡನೇ ಟಚ್ ಡಬಲ್ ಆದರೂ ಚೆಂಡು ಅದೇ ತಂಡದ ಕಡೆ ಉಳಿದರೆ 2024ರಿಂದ ತಪ್ಪಲ್ಲ. ಆ ವಿಡಿಯೋ ತುಣುಕು ನೋಡಿ ನಮ್ಮ ಲಿಫ್ಟರ್‌ಗಳು ‘ಡಬಲ್ ತೆಗೆದುಹಾಕಿದ್ದಾರೆ ಸರ್’ ಅಂತ ವಾದಕ್ಕೆ ಬರುತ್ತಾರೆ. ಅದು ಅವರ ಲೀಗ್‌ನ ನಿಯಮ, ನಮ್ಮದಲ್ಲ.

ಈಗ ಸ್ವಲ್ಪ ನಿಧಾನವಾಗಿ ನೋಡಬೇಕಾದ ಜಾಗಕ್ಕೆ ಬರೋಣ. ಬ್ಲಾಕ್‌ಗೆ ಇಷ್ಟೆಲ್ಲ ಸವಲತ್ತು ಇದೆ ನಿಜ. ಆದರೆ ಯಾವುದು ಬ್ಲಾಕ್? ಬಹುಪಾಲು ಜಗಳ ಹುಟ್ಟುವುದು ಇಲ್ಲೇ. ನೆಟ್ ಹತ್ತಿರ ನಿಂತವನ ಕೈಗೆ ತಾಗಿದ್ದೆಲ್ಲ ಬ್ಲಾಕ್ ಅಲ್ಲ. ಎರಡು ವಿಷಯ ಸೇರಬೇಕು. ಆಟಗಾರ ನೆಟ್‌ಗೆ ಹತ್ತಿರ ಇರಬೇಕು. ಮತ್ತು ಚೆಂಡು ತಾಗುವ ಕ್ಷಣದಲ್ಲಿ ಅವನ ದೇಹದ ಯಾವುದಾದರೂ ಒಂದು ಭಾಗ ನೆಟ್‌ನ ಮೇಲಂಚಿಗಿಂತ ಎತ್ತರದಲ್ಲಿರಬೇಕು. ಚೆಂಡು ತಾಗಿದ ಜಾಗ ಎಷ್ಟು ಎತ್ತರದಲ್ಲಿದೆ ಎನ್ನುವುದು ಮುಖ್ಯವಲ್ಲ. ಕೈ ಮೇಲಿದ್ದು ಚೆಂಡು ಎದೆಗೆ ಬಡಿದರೂ ಅದು ಬ್ಲಾಕೇ.

ಇದನ್ನು ತಿರುಗಿಸಿ ನೋಡಿ. ಬ್ಲಾಕರ್ ಬೇಗ ಹಾರಿದ. ಎದುರಿನವನು ತಡವಾಗಿ ಹೊಡೆದ. ಅಷ್ಟರಲ್ಲಿ ಬ್ಲಾಕರ್ ಇಳಿಯುತ್ತಿದ್ದಾನೆ, ಕೈ ಪೂರ್ತಿ ನೆಟ್‌ನ ಕೆಳಗೆ ಬಂದಿದೆ. ಆಗ ತಾಗಿದರೆ ಅದು ಬ್ಲಾಕ್ ಅಲ್ಲ, ತಂಡದ ಮೊದಲನೇ ಟಚ್. ಅದಾದ ಮೇಲೆ ಅವನೇ ಮತ್ತೆ ಎತ್ತಿದರೆ ಡಬಲ್ ಟಚ್. ಬೇರೆಯವರು ಎತ್ತಿದರೆ ಅದು ಎರಡನೆಯದು. ನಿಮ್ಮ ಪಂದ್ಯದ ರೆಫ್ರಿ ಇದನ್ನೇ ಕಂಡಿದ್ದರೆ ಅವರ ತೀರ್ಪಿಗೆ ಆಧಾರ ಇದೆ. ಆದರೆ ನೀವು ಹೇಳುವ ಪ್ರಕಾರ ಅವರು ಕೊಟ್ಟ ಕಾರಣ ಅದಲ್ಲ. ಬ್ಲಾಕ್ ಟಚ್ಚನ್ನೇ ಎಣಿಸಿದ್ದಾರೆ. ಅದು ತಪ್ಪು ಎಣಿಕೆ.

‘ಹತ್ತಿರ’ ಅಂದರೆ ಎಷ್ಟು ಅಂತ ಕೇಳಬಹುದು. ನಿಯಮದಲ್ಲಿ ಅಳತೆ ಕೊಟ್ಟಿಲ್ಲ. ರೆಫ್ರಿ ನೋಡಿ ತೀರ್ಮಾನಿಸಬೇಕು. ಹಾರಿದವನು ಬ್ಲಾಕ್ ಮಾಡಲು ನೆಟ್ ಪಕ್ಕಕ್ಕೆ ಬಂದಿದ್ದನೋ, ಹಿಂದೆ ನಿಂತು ಚೆಂಡನ್ನು ತಡೆಯಲು ಕೈ ಎತ್ತಿದನೋ ಎನ್ನುವುದು ಎತ್ತರದ ಕುರ್ಚಿಯ ಮೇಲಿಂದ ಸಾಮಾನ್ಯವಾಗಿ ಸ್ಪಷ್ಟವಾಗಿ ಕಾಣುತ್ತದೆ. ಕೆಳಗೆ ಬೆಂಚ್‌ನಲ್ಲಿ ಕೂತವರಿಗೆ ಅದು ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ತಲೆಗೆ ಬಡಿದದ್ದರ ಕಥೆ ಏನು? ಬ್ಲಾಕ್‌ನ ಒಂದೇ ಕ್ರಿಯೆಯಲ್ಲಿ ಚೆಂಡು ಬೆರಳು, ಮುಂಗೈ, ತಲೆ ಹೀಗೆ ಬೇಗಬೇಗನೆ ಒಂದರ ಹಿಂದೆ ಒಂದಕ್ಕೆ ತಾಗಬಹುದು. ಪಕ್ಕದ ಬ್ಲಾಕರ್‌ಗೂ ತಾಗಬಹುದು. ಎಲ್ಲವೂ ಸೇರಿ ಒಂದೇ ಬ್ಲಾಕ್. ಹಾಗಾಗಿ ನಿಮ್ಮ ಹುಡುಗನ ಬೆರಳು ಮತ್ತು ತಲೆ ಎರಡೂ ಬ್ಲಾಕ್‌ನಲ್ಲೇ ಮುಗಿದವು. ಇಲ್ಲೂ ಒಂದು ಎಚ್ಚರಿಕೆ ಇದೆ. ಅವನು ನೆಲಕ್ಕಿಳಿದು, ಕೈ ಕೆಳಗೆ ಬಂದ ಮೇಲೆ ಚೆಂಡು ತಲೆಗೆ ಬಿದ್ದಿದ್ದರೆ ಆ ಹೊಡೆತವೇ ಮೊದಲನೇ ಟಚ್ ಆಗುತ್ತಿತ್ತು. ಮತ್ತೆ ಅವನೇ ಎತ್ತಿದರೆ ಡಬಲ್. ನೀವು ‘ಹಾಗೇ’ ಅಂತ ಬರೆದಿದ್ದೀರಿ. ಆ ಮಾತಿನ ಮೇಲೆ ನಾನು ಇದನ್ನು ಒಂದೇ ಕ್ರಿಯೆ ಅಂತ ತೆಗೆದುಕೊಂಡಿದ್ದೇನೆ.

ಈ ಸಡಿಲಿಕೆ ಬ್ಲಾಕ್‌ಗೆ ಮಾತ್ರ ಅಲ್ಲ. ಎದುರಾಳಿಯಿಂದ ಬಂದ ಚೆಂಡನ್ನು ಎತ್ತುವ ಮೊದಲ ಟಚ್‌ನಲ್ಲೂ, ಅದು ಸರ್ವಿಸ್ ಇರಲಿ ಸ್ಮ್ಯಾಶ್ ಇರಲಿ, ಒಂದೇ ಪ್ರಯತ್ನದಲ್ಲಿ ಎರಡು ಕೈಗೆ ಹಿಂದೆಮುಂದೆ ತಾಗಿದರೆ ಡಬಲ್ ಇಲ್ಲ. ಕೈಗೆ ತಾಗಿ ಎದೆಗೆ ಬಡಿದರೂ ಇಲ್ಲ. ಕಾಲಿಗೆ ತಾಗಿದರೂ ಆಟ ನಡೆಯುತ್ತದೆ. 1995ರಿಂದ ದೇಹದ ಯಾವ ಭಾಗದಿಂದ ಆಡಿದರೂ ಸರಿ. ಈಗಲೂ ಕೆಲವು ಕಡೆ ಕಾಲಿಗೆ ತಾಗಿತು ಅಂತ ಪಾಯಿಂಟ್ ಕೊಡುತ್ತಾರೆ! ಆದರೆ ಹಿಡಿದು ಎಸೆಯುವುದು, ಅಂದರೆ ಹೋಲ್ಡಿಂಗ್, ಯಾವ ಟಚ್‌ನಲ್ಲೂ ಇಲ್ಲ. ಬ್ಲಾಕ್‌ನಲ್ಲೂ ಇಲ್ಲ. ಕೈ ಗಟ್ಟಿ ಮಾಡಿ ಚೆಂಡನ್ನು ಕೆಳಗೆ ತಿರುಗಿಸಬಹುದು. ಅಂಗೈಯಲ್ಲಿ ನಿಲ್ಲಿಸಿಕೊಂಡು ಪಕ್ಕಕ್ಕೆ ಹಾಕುವಂತಿಲ್ಲ.

ಇನ್ನು ‘ಓವರ್ ನೆಟ್’. ಸೀಟಿ ಬೀಳುವ ಮೊದಲೇ ಎದುರಾಳಿಗಳು ಕೂಗುವುದು ಇದನ್ನೇ. ಬ್ಲಾಕರ್‌ನ ಕೈ ನೆಟ್ ದಾಟಿ ಆ ಕಡೆ ಹೋಗಬಹುದು. ಒಳ್ಳೆಯ ಬ್ಲಾಕರ್ ಕೈ ದಾಟಿಸಲೇಬೇಕು, ಇಲ್ಲದಿದ್ದರೆ ಚೆಂಡು ಕೈ ಮತ್ತು ನೆಟ್‌ನ ನಡುವಿನ ಸಂದಿಯಲ್ಲಿ ತನ್ನ ಕಡೆಯೇ ಜಾರಿ ಬೀಳುತ್ತದೆ. ನಿಯಮ ಕೇಳುವುದು ಒಂದೇ ಪ್ರಶ್ನೆ: ಯಾರು ಮೊದಲು ಮುಟ್ಟಿದರು? ಎದುರಾಳಿ ಹೊಡೆದ ಮೇಲೆ ಆ ಕಡೆ ಮುಟ್ಟಿದರೆ ಸರಿ. ಹೊಡೆಯುವ ಮೊದಲು ಅಥವಾ ಹೊಡೆಯುವಾಗಲೇ ಅವರ ಕಡೆ ಮುಟ್ಟಿದರೆ ತಪ್ಪು. ನಿಮ್ಮ ಪ್ರಕರಣದಲ್ಲಿ ಸ್ಮ್ಯಾಶ್ ಆಗಿತ್ತು, ಆಮೇಲೆ ಬೆರಳಿಗೆ ತಾಗಿತು. ಹಾಗಾಗಿ ಆ ಕೂಗಿಗೆ ಆಧಾರ ಇಲ್ಲ.

ಕಷ್ಟ ಬರುವುದು ಲಿಫ್ಟ್ ಚೆಂಡಿನಲ್ಲಿ. ಎದುರು ತಂಡದ ಲಿಫ್ಟರ್ ನೆಟ್‌ಗೆ ಸಮಾನಾಂತರವಾಗಿ ಚೆಂಡು ಕೊಟ್ಟಿದ್ದಾನೆ, ಅವರ ಹೊಡೆತಗಾರ ಬರುತ್ತಿದ್ದಾನೆ. ಆಗ ಕೈ ಚಾಚಿ ಅವರ ಕಡೆ ಮುಟ್ಟಿದರೆ ತಪ್ಪು. ಅದೇ ಚೆಂಡು ನೇರವಾಗಿ ನಮ್ಮ ಕಡೆಗೇ ಬರುತ್ತಿದೆ, ಅವರಲ್ಲಿ ಯಾರಿಗೂ ಅದು ಸಿಗುವ ಹಾಗಿಲ್ಲ ಅಂತಾದರೆ ಮುಟ್ಟಬಹುದು. ಮೂರು ಟಚ್ ಮುಗಿದಿದ್ದರೆ ಯೋಚನೆಯೇ ಬೇಡ, ಅದು ದಾಳಿಯೇ, ಬ್ಲಾಕ್ ಮಾಡಿ. ಸರ್ವಿಸ್ ಮಾತ್ರ ಬೇರೆ. ಎದುರಾಳಿಯ ಸರ್ವಿಸನ್ನು ಬ್ಲಾಕ್ ಮಾಡುವಂತಿಲ್ಲ.

ಸ್ಮ್ಯಾಶ್ ಹೊಡೆದವನ ಕೈ ಕೂಡ ಹೊಡೆದ ಮೇಲೆ ನೆಟ್ ದಾಟಬಹುದು. ಚೆಂಡು ಕೈಗೆ ಸಿಕ್ಕಿದ್ದು ತನ್ನ ಕಡೆ ಇದ್ದರೆ ಸಾಕು.

ಈಗ ನಿಮಗೆ ಇಷ್ಟವಾಗದ ಭಾಗ. ಇಳಿಯುವಾಗ ನೆಟ್‌ಗೆ ತಾಗಿದ್ದು. ಎರಡು ಆಂಟೆನಾಗಳ (ಸೈಡ್ ಲೈನ್‌ಗಳ ಮೇಲೆ ನೆಟ್‌ಗೆ ಕಟ್ಟುವ ಕೋಲುಗಳು) ನಡುವೆ, ಚೆಂಡು ಆಡುವ ಕ್ರಿಯೆಯಲ್ಲಿ ನೆಟ್ ಮುಟ್ಟಿದರೆ ತಪ್ಪು. ಆ ಕ್ರಿಯೆಯಲ್ಲಿ ಹಾರುವುದು, ಹೊಡೆಯುವುದು ಅಥವಾ ಹೊಡೆಯಲು ನೋಡುವುದು, ಸರಿಯಾಗಿ ನೆಲಕ್ಕೆ ಇಳಿದು ನಿಲ್ಲುವುದು ಎಲ್ಲ ಸೇರಿದೆ. ಹೀಗಾಗಿ ಇಳಿಯುವಾಗ ಮೊಣಕೈ ಅಥವಾ ಎದೆ ನೆಟ್‌ಗೆ ತಾಗಿದ್ದರೆ ಅದು ತಪ್ಪೇ. ಆಮೇಲೆ ನಡೆದದ್ದೆಲ್ಲ ಲೆಕ್ಕಕ್ಕಿಲ್ಲ. ‘ಕೆಳಗಿನ ಭಾಗಕ್ಕೆ ತಾಗಿದರೆ ಪರವಾಗಿಲ್ಲ, ಮೇಲಿನ ಬಿಳಿ ಪಟ್ಟಿಗೆ ತಾಗಿದರೆ ಮಾತ್ರ ತಪ್ಪು’ ಅಂತ ಹಲವರು ಹೇಳುತ್ತಾರೆ. 2009ರಿಂದ ಕೆಲವು ವರ್ಷ ಹೆಚ್ಚುಕಡಿಮೆ ಹಾಗೇ ಇತ್ತು. 2015ರಿಂದ ಮತ್ತೆ ಇಡೀ ನೆಟ್‌ಗೆ ಅನ್ವಯಿಸಿದರು. ಆ ನಡುವಿನ ವರ್ಷಗಳಲ್ಲಿ ಆಡಿದವರಿಗೆ ಹಳೆಯದೇ ನೆನಪಿದೆ.

ಆದರೆ ನೆಲಕ್ಕಿಳಿದು ಗಟ್ಟಿಯಾಗಿ ನಿಂತು, ಆಮೇಲೆ ತಿರುಗುವಾಗ ಭುಜ ನೆಟ್‌ಗೆ ಸವರಿದರೆ, ಅದರಿಂದ ಎದುರಾಳಿಯ ಆಟಕ್ಕೆ ಅಡ್ಡಿಯಾಗದಿದ್ದರೆ, ಅದು ತಪ್ಪಲ್ಲ. ಎದುರಾಳಿ ಹೊಡೆದ ಚೆಂಡು ನೆಟ್‌ಗೆ ಬಡಿದು, ನೆಟ್ಟೇ ಬಂದು ನಿಮ್ಮ ಕೈಗೆ ತಾಗಿದರೂ ತಪ್ಪಲ್ಲ. ನಿಮ್ಮ ಹುಡುಗನದ್ದು ಇವುಗಳಲ್ಲಿ ಯಾವುದು ಅಂತ ನಾನು ಇಲ್ಲಿ ಕೂತು ಹೇಳಲಾರೆ. ಅದನ್ನು ನೋಡಬೇಕಾದವರು ಅಂದು ಅಂಗಳದಲ್ಲಿದ್ದ ಅಧಿಕಾರಿಗಳು. ಆಟಗಾರರ ಕೂಗು ಕೇಳಿ ಅದನ್ನು ಆಮೇಲೆ ಸೇರಿಸಿಕೊಳ್ಳುವುದು ಸರಿಯಲ್ಲ.

ನಿಜ ಹೇಳಬೇಕೆಂದರೆ, ಇಂಥ ಪಂದ್ಯಗಳಲ್ಲಿ ಒಬ್ಬನೇ ರೆಫ್ರಿ ಎಲ್ಲವನ್ನೂ ನೋಡಬೇಕು ಅಂತ ನಿರೀಕ್ಷಿಸುವುದೇ ದೊಡ್ಡ ತಪ್ಪು. ಕುರ್ಚಿಯ ಮೇಲಿರುವ ಮೊದಲ ರೆಫ್ರಿಯ ಕಣ್ಣು ಚೆಂಡಿನ ಜೊತೆ ಹೋಗುತ್ತದೆ. ಬ್ಲಾಕರ್‌ಗಳ ಕಡೆಯ ನೆಟ್ ಟಚ್, ಸೆಂಟರ್ ಲೈನ್ ದಾಟಿದ್ದು, ಹಿಂದಿನ ಸಾಲಿನವರು ಬ್ಲಾಕ್ ಮಾಡಿದ್ದು, ಇವನ್ನು ನೋಡುವುದು ಎದುರು ಬದಿಯ ಕಂಬದ ಬಳಿ ನೆಲದ ಮೇಲೆ ನಿಂತ ಎರಡನೇ ರೆಫ್ರಿಯ ಕೆಲಸ. ಚೆಂಡು ಆ ಕಡೆ ಹೋದರೂ ಅವರ ಕಣ್ಣು ಒಂದು ಕ್ಷಣ ಬ್ಲಾಕರ್ ಇಳಿಯುವವರೆಗೆ ನೆಟ್ ಮೇಲೇ ನಿಲ್ಲಬೇಕು. ಇದು ಅಭ್ಯಾಸದಿಂದ ಬರುವ ಕೆಲಸ. ಹಲವು ಊರುಗಳಲ್ಲಿ ಈ ಎರಡನೇ ರೆಫ್ರಿಯೇ ಇರುವುದಿಲ್ಲ. ಟ್ರೋಫಿಗೆ, ಲೈಟಿಗೆ, ಮೈಕಿಗೆ ದುಡ್ಡು ಹೊಂದಿಸುವ ನಾವು ಇದಕ್ಕೆ ಮಾತ್ರ ಹಿಂದೆ ಮುಂದೆ ನೋಡುತ್ತೇವೆ. ಇದು ನನಗೆ ತುಂಬಾ ಬೇಸರದ ವಿಷಯ. ಹುಡುಗರು ತಿಂಗಳುಗಟ್ಟಲೆ ಬೆವರು ಸುರಿಸಿ ಬಂದಿರುತ್ತಾರೆ, ಅಲ್ವಾ?

ನಿಮ್ಮ ಟೂರ್ನಮೆಂಟ್ ವಿಷಯಕ್ಕೆ ಬರುತ್ತೇನೆ. ನಿಮ್ಮ ಮುಂದೆ ಕೆಲವು ದಾರಿಗಳಿವೆ.

ಪೂರ್ತಿ ಎಫ್‌ಐವಿಬಿ ನಿಯಮವನ್ನೇ ಇಟ್ಟು, ತರಬೇತಿ ಪಡೆದ ಇಬ್ಬರು ರೆಫ್ರಿಗಳನ್ನು ಕರೆಸುವುದು ನನ್ನ ಮೊದಲ ಆಯ್ಕೆ. ಜಿಲ್ಲಾ ಮಟ್ಟದಲ್ಲಿ ರೆಫ್ರಿ ಕೆಲಸ ಮಾಡುವ ದೈಹಿಕ ಶಿಕ್ಷಣ ಶಿಕ್ಷಕರು ನಿಮ್ಮ ತಾಲೂಕಿನಲ್ಲೂ ಸಿಗಬಹುದು, ವಿಚಾರಿಸಿ. ಇದರ ತೊಂದರೆ ಖರ್ಚು. ಇನ್ನೊಂದು, ಅಭ್ಯಾಸವಿಲ್ಲದ ತಂಡಗಳಿಗೆ ರೊಟೇಶನ್ (ಸರದಿಯಂತೆ ಜಾಗ ಬದಲಿಸುವುದು) ಮತ್ತು ಹಿಂದಿನ ಸಾಲಿನ ತಪ್ಪುಗಳಲ್ಲೇ ತುಂಬಾ ಪಾಯಿಂಟ್ ಹೋಗುತ್ತವೆ. ಹಿಂದಿನ ಸಾಲಿನ ಮೂವರು ಬ್ಲಾಕ್ ಪೂರ್ತಿ ಮಾಡುವಂತಿಲ್ಲ, ಅಂದರೆ ಅವರ ಬ್ಲಾಕ್‌ಗೆ ಚೆಂಡು ತಾಗುವಂತಿಲ್ಲ. ಬ್ಲಾಕ್‌ನ ಗುಂಪಿನಲ್ಲಿ ಅವರಲ್ಲಿ ಒಬ್ಬ ಕೈ ಎತ್ತಿ ಹಾರಿದ್ದು, ಚೆಂಡು ಪಕ್ಕದವನಿಗೆ ತಾಗಿದರೂ ತಪ್ಪಾಗುತ್ತದೆ. ಹಿಂದಿನ ಸಾಲಿನಲ್ಲಿ ರಕ್ಷಣೆಗೆಂದೇ ಆಡುವ ಲಿಬೆರೊ ಅಂತೂ ಬ್ಲಾಕ್‌ಗೆ ಪ್ರಯತ್ನ ಕೂಡ ಮಾಡುವಂತಿಲ್ಲ. ಇದನ್ನು ಮೊದಲೇ ತಿಳಿಸದಿದ್ದರೆ ಮೊದಲ ಪಂದ್ಯದಲ್ಲೇ ಗೊಣಗಾಟ ಶುರುವಾಗುತ್ತದೆ.

ಕೆಲವು ಊರುಗಳಲ್ಲಿ ರೊಟೇಶನ್ ಇಲ್ಲದೆ, ಅವರವರ ಜಾಗದಲ್ಲೇ ನಿಂತು ಆಡುತ್ತಾರೆ. ನಿಮ್ಮಲ್ಲೂ ಅದೇ ರೂಢಿ ಇದ್ದರೆ ಒಮ್ಮೆಲೇ ಬದಲಿಸುವುದು ಕಷ್ಟ, ಗೊತ್ತು. ಹಾಗೆ ಆಡಿಸುವುದಾದರೆ ಮುಟ್ಟುವ ಮತ್ತು ಬ್ಲಾಕ್‌ನ ನಿಯಮಗಳನ್ನು ಮಾತ್ರ ಮುಟ್ಟಬೇಡಿ, ಅವು ಹಾಗೇ ಇರಲಿ. ಮುಂದಿನ ಸಾಲಿನ ಮೂವರು ಯಾರು ಅಂತ ಸೆಟ್ ಶುರುವಾಗುವ ಮೊದಲು ಸ್ಕೋರರ್ ಹತ್ತಿರ ಬರೆಸಿ. ಬ್ಲಾಕ್ ಮಾಡುವುದು ಆ ಮೂವರೇ. ಇಲ್ಲಿನ ಅಪಾಯ ಏನೆಂದರೆ ಆರು ಅಡಿ ದಾಟಿದ ಇಬ್ಬರು ಇಡೀ ಪಂದ್ಯ ನೆಟ್‌ಗೆ ಅಂಟಿಕೊಂಡೇ ಇರುತ್ತಾರೆ. ಸಣ್ಣ ಊರಿನ ಗಿಡ್ಡ ಹುಡುಗರ ತಂಡಕ್ಕೆ ಅದು ಭಾರ.

ಮೂರನೆಯದು, ‘ಬ್ಲಾಕ್ ಒಂದು ಟಚ್’ ಅಂತ ನೀವೇ ಬರೆದು ಆಡಿಸುವುದು. ಎಲ್ಲರಿಗೂ ಮೊದಲೇ ಗೊತ್ತಿದ್ದರೆ ಜಗಳ ಆಗಲಿಕ್ಕಿಲ್ಲ. ಆದರೂ ನಾನು ಇದಕ್ಕೆ ಬೇಡ ಅನ್ನುತ್ತೇನೆ. ಒಂದು ಟಚ್ ಹೋಗುತ್ತದೆ ಅನ್ನುವ ಭಯಕ್ಕೆ ಬ್ಲಾಕರ್ ಕೈ ಹಿಂದೆ ಎಳೆದುಕೊಳ್ಳಲು ಕಲಿಯುತ್ತಾನೆ. ಅದೇ ಹುಡುಗ ನಾಳೆ ಕಾಲೇಜು ತಂಡಕ್ಕೋ ಜಿಲ್ಲಾ ಆಯ್ಕೆಗೋ ಹೋದಾಗ ಆ ಅಭ್ಯಾಸ ಅವನನ್ನು ಹಿಡಿದುಕೊಳ್ಳುತ್ತದೆ. ಹಿಂದೆ ಎಳೆಯುವ ಕೈಯನ್ನು ಮುಂದೆ ಚಾಚಿಸುವುದು ಕೋಚ್‌ಗಳಿಗೆ ಎಷ್ಟು ಕಷ್ಟ ಅಂತ ನಾನು ಹತ್ತಿರದಿಂದ ನೋಡಿದ್ದೇನೆ.

ಅಂಗಳದ ಬಗ್ಗೆಯೂ ಸ್ವಲ್ಪ ಕಾಳಜಿ ಇರಲಿ. ಗಂಡಸರ ಆಟಕ್ಕೆ ನೆಟ್ ಮಧ್ಯದಲ್ಲಿ 2.43 ಮೀಟರ್, ಹೆಂಗಸರಿಗೆ 2.24 ಮೀಟರ್. ಎರಡೂ ಸೈಡ್ ಲೈನ್ ಮೇಲೆ ಎತ್ತರ ಒಂದೇ ಸಮ ಇರಬೇಕು, ಮಧ್ಯಕ್ಕಿಂತ 2 ಸೆಂಟಿಮೀಟರ್‌ಗಿಂತ ಜಾಸ್ತಿ ಇರಬಾರದು. ಹಗ್ಗ ಸಡಿಲವಾಗಿ ನೆಟ್ ನಡುವೆ ಜೋತುಬಿದ್ದರೆ ಎಲ್ಲರ ಕೈಯೂ ಸುಲಭವಾಗಿ ದಾಟುತ್ತದೆ, ನೆಟ್ ಗಾಳಿಗೇ ಬಂದು ತಾಗುತ್ತದೆ. ಓವರ್ ನೆಟ್, ನೆಟ್ ಟಚ್ ಕೂಗು ಆಗ ಮುಗಿಯುವುದೇ ಇಲ್ಲ. ಪ್ರತಿ ಪಂದ್ಯಕ್ಕೆ ಮೊದಲು ಅಳೆಯಿರಿ. ಆಂಟೆನಾ ಕಟ್ಟಿ. 1.80 ಮೀಟರ್ ಉದ್ದದ ಎರಡು ಕೋಲು, ನೆಟ್‌ನ ಮೇಲೆ 80 ಸೆಂಟಿಮೀಟರ್ ಕಾಣಬೇಕು. ಅದಿಲ್ಲದೆ ಮೂಲೆಯಲ್ಲಿ ಬ್ಲಾಕ್ ಆದ ಚೆಂಡು ಒಳಗಿನಿಂದ ಬಂತೋ ಹೊರಗಿನಿಂದ ಬಂತೋ ಹೇಳಲು ಆಗುವುದಿಲ್ಲ.

ಕ್ಯಾಪ್ಟನ್‌ಗಳ ಸಭೆಯನ್ನು ತಪ್ಪಿಸಬೇಡಿ. ಬ್ಲಾಕ್ ಟಚ್ ಲೆಕ್ಕಕ್ಕಿಲ್ಲ, ಬ್ಲಾಕ್ ಮಾಡಿದವನೇ ಮತ್ತೆ ಆಡಬಹುದು, ಹೊಡೆದ ಮೇಲೆ ಕೈ ದಾಟಬಹುದು, ಇಳಿಯುವಾಗ ನೆಟ್ ಮುಟ್ಟುವಂತಿಲ್ಲ. ಈ ನಾಲ್ಕನ್ನು ಪಾಂಪ್ಲೆಟ್‌ನಲ್ಲಿ ಎಂಟ್ರಿ ಫೀ ಪಕ್ಕದಲ್ಲೇ ಅಚ್ಚು ಹಾಕಿಸಿ. ರೆಫ್ರಿ ಹತ್ತಿರ ಮಾತಾಡುವುದು ಅಂಗಳದಲ್ಲಿರುವ ಕ್ಯಾಪ್ಟನ್ ಒಬ್ಬನೇ ಅಂತ ಸಭೆಯಲ್ಲೇ ಗಟ್ಟಿಯಾಗಿ ಹೇಳಿ. ಕ್ಯಾಪ್ಟನ್ ಕೇಳಬೇಕಾದದ್ದು ‘ಯಾವ ಟಚ್ ಎಣಿಸಿದಿರಿ ಸರ್?’ ಅಂತ. ಅಂದು ನೀವು ಇದನ್ನು ಕೇಳಿದ್ದರೆ ರೆಫ್ರಿ ಬ್ಲಾಕನ್ನೂ ಎಣಿಸಿದ್ದು ಅಲ್ಲೇ ಹೊರಬೀಳುತ್ತಿತ್ತು. ‘ನೋಡಿದಿರಾ ಇಲ್ಲವಾ’ ಅಂತ ಕೇಳಿದರೆ ವಾದ ಬೆಳೆಯುತ್ತದೆ, ಉತ್ತರ ಸಿಗುವುದಿಲ್ಲ.

ವಿವರಣೆ ಒಪ್ಪಿಗೆಯಾಗದಿದ್ದರೂ ದಾರಿ ಇದೆ. ಆಟ ನಿಲ್ಲಿಸಬೇಕಿಲ್ಲ. ಪ್ರತಿಭಟನೆ ಬರೆಸುತ್ತೇವೆ ಅಂತ ಕ್ಯಾಪ್ಟನ್ ಆ ಕ್ಷಣದಲ್ಲೇ ಮೊದಲ ರೆಫ್ರಿಗೆ ತಿಳಿಸಬೇಕು, ಪಂದ್ಯ ಮುಗಿದ ಮೇಲೆ ಸ್ಕೋರ್ ಶೀಟ್‌ನಲ್ಲಿ ಬರೆಸಬೇಕು. ಆಗಲೇ ಹೇಳದೆ ಸೋತ ಮೇಲೆ ನೆನಪಾದರೆ ಬರೆಸುವ ಹಕ್ಕು ಇರುವುದಿಲ್ಲ. ಅಂಥ ಪ್ರತಿಭಟನೆಯನ್ನು ಯಾರು ನೋಡಿ ತೀರ್ಮಾನಿಸುತ್ತಾರೆ ಅಂತ ನಿಮ್ಮ ಕಮಿಟಿಯವರು ಈಗಲೇ ಇಬ್ಬರನ್ನೋ ಮೂವರನ್ನೋ ಆರಿಸಿ ಇಡಿ. ಆ ಪಟ್ಟಿಯಲ್ಲಿ ಆಡುವ ತಂಡಗಳಿಗೆ ಸಂಬಂಧಪಟ್ಟವರು ಇರಬಾರದು.